ಬಾದಾಮಿ ಕೆಟ್ಟು ಹೋದ ಹೆಸರಲ್ಲ

ಲಾಂಗ್ ವೀಕೆಂಡ್ ಬಂತು ಅಂದ್ರೆ ಬೆಂಗಳೂರಿನ ಎಷ್ಟೋ ಜನ ಬಾದಾಮಿ, ಐಹೊಳೆ, ಪಟ್ಟದಕಲ್ಲು ಸುತ್ತಿ ಬರ್ತಾರೆ. ಒಳ್ಳೇದೇ. ನನ್ನ ತಕರಾರು ಇರೋದು ವಾಪಸ್ ಬಂದ ಮೇಲೆ ಬರೆಯುವ ಪ್ರವಾಸ ಲೇಖನದ ಮೊದಲ ಪ್ಯಾರಾ ಬಗ್ಗೆ. ಅಲ್ಲಿ ಎರಡು ಮಾತು ಖಾಯಂ. ಬಂಡೆಗಳು ಬಾದಾಮಿ ಬಣ್ಣದವು, ಅದಕ್ಕೇ ಊರಿಗೆ ಈ ಹೆಸರು. ಆಮೇಲೆ, ಊರಿನ ‘ನಿಜವಾದ’ ಹೆಸರು ವಾತಾಪಿ, ಜನರ ಬಾಯಲ್ಲಿ ಕೆಟ್ಟು ಬಾದಾಮಿ ಆಯ್ತು. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯವಿಲ್ಲ ಅನ್ನೋದು ಬರೆದವರಿಗೆ ಹೊಳೆದಿರೋದೇ ಇಲ್ಲ.

ಬಣ್ಣದ ಕಥೆ ಬೇಗ ಮುಗಿಸೋಣ. ಬಾದಾಮ್ ಅನ್ನೋದು ಪಾರಸಿ ಪದ. ಬೀಜದ ಹೆಸರೂ ಊರಿನ ಹೆಸರೂ ಕನ್ನಡದಲ್ಲಿ ಒಂದೇ ಥರ ಕೇಳಿಸೋದು ಕಾಕತಾಳೀಯ. ಸಂಜೆ ಬಿಸಿಲಲ್ಲಿ ಆ ಬಂಡೆ ನೋಡಿದವರಿಗೆ ನಂಬಬೇಕು ಅನಿಸುತ್ತೆ, ಅಷ್ಟೇ.

ಎರಡನೇ ಮಾತಿನಲ್ಲಿ ಅರ್ಧ ಸತ್ಯ ಇದೆ, ಹಾಗಾಗಿ ಅದೇ ಅಪಾಯ. 543ರಲ್ಲಿ ಒಂದನೇ ಪುಲಕೇಶಿ ಬಂಡೆಯ ಮೇಲೆ ಕೆತ್ತಿಸಿದ ಸಂಸ್ಕೃತ ಶಾಸನದಲ್ಲಿ ಇರೋದು ವಾತಾಪಿ ಅಂತಲೇ. ಅಲ್ಲಿಂದ ಬಾದಾಮಿಗೆ ದಾರಿಯೂ ನೇರ. ವಸತಿ ಹೇಗೆ ಬಸದಿ ಆಯ್ತು? ‘ವ’ ಹೋಗಿ ‘ಬ’ ಬಂತು, ‘ತ’ ಹೋಗಿ ‘ದ’ ಬಂತು. ದೀಪಿಕೆಯಿಂದ ದೀವಿಗೆ ಬಂದ ಹಾಗೆ ‘ಪ’ ಇದ್ದಲ್ಲಿ ‘ವ’ ಬಂತು. ಆ ‘ವ’ ಮತ್ತು ‘ಮ’ ಜಾಗ ಬದಲಿಸೋದೂ ಹೊಸದಲ್ಲ, ನಮ್ಮ ತಾವರೆ ತಮಿಳರಿಗೆ ತಾಮರೈ. ಇದು ನಾಲಿಗೆ ತೊದಲಿದ್ದಲ್ಲ, ಕನ್ನಡ ತನ್ನ ನಿಯಮದಂತೆ ನಡೆದದ್ದು. ಬಸದಿಯನ್ನು ಯಾರಾದ್ರೂ ‘ಕೆಟ್ಟು ಹೋದ ವಸತಿ’ ಅಂತಾರಾ?

ಇನ್ನೊಂದು ಅವಸರವೂ ಇದೆ. ಕಲ್ಲಿನಲ್ಲಿ ಮೊದಲು ಸಿಕ್ಕ ರೂಪವೇ ಮೊದಲು ಹುಟ್ಟಿದ್ದು ಅಂದ್ಕೊಳ್ಳೋದು. ಎರಡನೇ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ಹೇಳುವ ‘ಬದಿಯಮಯೋಯಿ’ ಬಾದಾಮಿಯೇ ಅಂತ ಗುರುತಿಸಿದ ವಿದ್ವಾಂಸರಿದ್ದಾರೆ. ಅದನ್ನು ಒಪ್ಪಿದರೆ ಲೆಕ್ಕ ತಲೆಕೆಳಗು: ಊರಿನವರ ಹೆಸರಿಗೆ ಅರಮನೆ ಸಂಸ್ಕೃತದ ಪೋಷಾಕು ತೊಡಿಸಿತು ಅಂತಾಗುತ್ತೆ.

ಒಪ್ಪದವರು ಮೂರನೇ ಗುಹೆಗೆ ಬನ್ನಿ. ಎಲ್ಲರೂ ಅಲ್ಲಿ ವಿಷ್ಣುವಿನ ಫೋಟೊ ತೆಗೆದು ಹೊರಟುಬಿಡ್ತಾರೆ. ಮಂಗಳೇಶನ ಎರಡು ಶಾಸನಗಳು ಅಲ್ಲಿವೆ. 578ರ ಸಂಸ್ಕೃತ ಶಾಸನಕ್ಕೆ ಆ ಗುಹೆ ‘ಮಹಾವಿಷ್ಣುಗೃಹ’. ಪುಟ್ಟ ಕನ್ನಡ ಶಾಸನಕ್ಕೆ ಅದು ಬರೀ ‘ಕಲ್ಮನೆ’. ಕಲ್ಲಿನ ಮನೆ! ಒಬ್ಬನೇ ಮಂಗಳೇಶ, ಒಂದೇ ಗುಹೆ. ಇದರಲ್ಲಿ ಯಾವುದು ಮೂಲ, ಯಾವುದು ಅಪಭ್ರಂಶ? ಊರಿನ ಹೆಸರೂ ಹೀಗೇ ಎರಡು ಬಾಯಲ್ಲಿ ಬದುಕಿತ್ತು ಅನ್ನೋದು ನನ್ನ ಓದು. ‘ಕೆಟ್ಟು’ ಅನ್ನೋ ಒಂದು ಪದ ಈ ಎರಡನೇ ಬಾಯನ್ನು ಮುಚ್ಚಿಸುತ್ತೆ. ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಅಜ್ಜಿಗೆ ತನ್ನೂರಿನ ಹೆಸರೇ ಸರಿಯಾಗಿ ಬರಲ್ಲ ಅಂತ ಹೇಳಿದ ಹಾಗೆ.

‘ಅಗಸ್ತ್ಯರು ಜೀರ್ಣಿಸಿಕೊಂಡ ರಾಕ್ಷಸ ವಾತಾಪಿ, ಅವನದೇ ಊರು’ ಅನ್ನುವವರಿಗೆ ಒಂದು ಮಾತು. ಮಹಾಭಾರತದ ವನಪರ್ವದಲ್ಲಿ ವಾತಾಪಿಯ ಅಣ್ಣ ಇಲ್ವಲ ಇರೋದು ಮಣಿಮತಿ ಅನ್ನೋ ಪಟ್ಟಣದಲ್ಲಿ. ಹೆಸರು ಹೊಂದಿಕೊಂಡಿತು, ಕಥೆ ಹಿಂದೆಯೇ ಬಂತು.

ಇಷ್ಟಾಗಿ ವಾತಾಪಿ ಅನ್ನೋ ರೂಪವನ್ನು ಹೆಚ್ಚು ಜತನದಿಂದ ಕಾಪಾಡಿದವರು ಯಾರು ಗೊತ್ತಾ? ಆ ಊರನ್ನು ಗೆದ್ದವರ ನಾಡು. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ವಶಮಾಡಿಕೊಂಡು ‘ವಾತಾಪಿಕೊಂಡ’ ಅನ್ನೋ ಬಿರುದು ಪಡೆದ. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಮುತ್ತುಸ್ವಾಮಿ ದೀಕ್ಷಿತರು ಹಂಸಧ್ವನಿಯಲ್ಲಿ ವಾತಾಪಿ ಗಣಪತಿಯನ್ನು ಹಾಡಿದರು. ಅದೂ ಸಂಸ್ಕೃತವೇ. ಹಳೇ ತಮಿಳಿನ ಪೆರಿಯಪುರಾಣ ತೆರೆದರೆ ಅಲ್ಲಿ ಊರಿನ ಹೆಸರು ‘ವಾತಾವಿ’. ತಮಿಳಿನ ಬಾಯಿಗೆ ಬಂದಾಗ ಅಲ್ಲೂ ‘ಪ’ ನಿಲ್ಲಲಿಲ್ಲ.