‘ಗೊಲ್ಗೊಥಾ’: ಕಡೆಯ ದಿನದ ಭರವಸೆ

ಮಂಜೇಶ್ವರದ ಗೋವಿಂದ ಪೈಗಳ (1883–1963) ‘ಗೊಲ್ಗೊಥಾ ಅಥವಾ ಯೇಸುವಿನ ಕಡೆಯ ದಿನ’ ಖಂಡಕಾವ್ಯವನ್ನು ಸರ್ವಧರ್ಮ ಸಮಭಾವದ ನಿದರ್ಶನವೆಂದು ಹೊಗಳಿ ಮುಗಿಸುವುದು ವಾಡಿಕೆ. ಸಾರಸ್ವತ ಮನೆತನದ ಕವಿಯೊಬ್ಬರು ಕ್ರಿಸ್ತನನ್ನು ಕುರಿತು ಬರೆದರೆಂಬ ಬೆರಗು ಕಾವ್ಯದ ಓದಾಗಲಾರದು. ಶೀರ್ಷಿಕೆಯನ್ನೇ ಗಮನಿಸಬೇಕು: ಕವಿ ಆರಿಸಿಕೊಂಡದ್ದು ಶುಭ ಶುಕ್ರವಾರವನ್ನು, ಪುನರುತ್ಥಾನದ ಭಾನುವಾರವನ್ನಲ್ಲ.

ಕ್ರೈಸ್ತ ಭರವಸೆಯನ್ನು ಸಾಮಾನ್ಯವಾಗಿ ಮೂರನೆಯ ದಿನದ ಬರಿದಾದ ಸಮಾಧಿಯಲ್ಲಿ ಅರಸಲಾಗುತ್ತದೆ. ಆದರೆ ಸುವಾರ್ತೆಗಳಲ್ಲಿ ಮನಃಪರಿವರ್ತನೆಯು ಶಿಲುಬೆಯ ಬುಡದಲ್ಲಿಯೇ ಮೊದಲಾಗಿದೆ. ಲೂಕನ ಸುವಾರ್ತೆಯಲ್ಲಿ ಪಕ್ಕದ ಶಿಲುಬೆಯ ಅಪರಾಧಿ ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಮರಣದಂಡನೆಗೆ ಕಾವಲಿದ್ದ ರೋಮನ್ ಶತಾಧಿಪತಿಯೇ ಸತ್ತವನ ಪರವಾಗಿ ಸಾಕ್ಷಿ ನುಡಿಯುತ್ತಾನೆ. ಇವರಿಬ್ಬರೂ ಪುನರುತ್ಥಾನವನ್ನು ಕಂಡು ಬದಲಾದವರಲ್ಲ. ಗೆಲುವಿನ ಖಾತರಿಯಿಲ್ಲದ ಈ ಭರವಸೆಯೇ ಲೋಕದ ಆಪತ್ಕಾಲಕ್ಕೆ ಒದಗುವಂಥದು. ‘ಗೊಲ್ಗೊಥಾ’ ಬಂದದ್ದು ಎರಡನೆಯ ಮಹಾಯುದ್ಧಕ್ಕೆ ಮೊದಲು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ‘ವೈಶಾಖಿ’ ಬಂದಿತು. ಅದೂ ಒಂದು ಕಡೆಯ ದಿನವೇ, ಬುದ್ಧನದು. ಹಿರೋಶಿಮಾದ ಬೆನ್ನಿಗೂ ಪೈಗಳು ವಿಜಯದ ವಸ್ತುವನ್ನು ಹುಡುಕಲಿಲ್ಲ.

ತೊಡಕಿರುವುದು ನುಡಿಯಲ್ಲಿ. 1911ರಷ್ಟು ಹಿಂದೆಯೇ ಪ್ರಾಸವನ್ನು ತೊರೆದ ಕವಿ, ಹಳಗನ್ನಡ ಮತ್ತು ಸಂಸ್ಕೃತದ ಬಿಗಿಯನ್ನು ಮಾತ್ರ ಸಡಿಲಿಸಲಿಲ್ಲ. ಇಗರ್ಜಿಯಲ್ಲಿ ಈ ಕಥೆಯನ್ನು ವರ್ಷವರ್ಷವೂ ಕೇಳಿದವರೂ ಇಲ್ಲಿ ನಿಘಂಟನ್ನು ತೆರೆಯಬೇಕಾಗುತ್ತದೆ.