ಮುಳುಗಿದ ಹಡಗುಗಳ ಅಪಾಯಗಣನೆ: ಒಂದು ವಿಮರ್ಶೆ

ಶಿಕಾರಿಪುರ, ಸೊರಬಗಳು ಘಟ್ಟದ ಮೇಲಿನ ಸೀಮೆಗಳು. ಕುಮುದ್ವತಿ, ವರದಾ ನದಿಗಳು ಇಲ್ಲಿಯ ನೀರನ್ನು ತುಂಗಭದ್ರೆಯ ಮೂಲಕ ಪೂರ್ವಸಮುದ್ರದ ಕಡೆಗೆ ಒಯ್ಯುತ್ತವೆ. ಪಡುವಣ ಕಡಲ ತಳದಲ್ಲಿರುವ ಹಡಗುಗಳ ವಿಚಾರ ಇಲ್ಲಿಯ ವಿದ್ಯಾರ್ಥಿಗೇಕೆಂಬ ಪ್ರಶ್ನೆ ಸಹಜವಾದುದು. ಆದರೆ ಕೆರೆಯ ಏರಿಯನ್ನು ನಂಬಿ ಬದುಕುವ ನಾಡಿಗೆ, ಒಡಕಿಗಿಂತ ಮೊದಲು ಜಿನುಗನ್ನು ಗುರುತಿಸಬೇಕೆಂಬ ವಿವೇಕ ಹೊಸದಲ್ಲ. ಪ್ರಕೃತ ವಿಷಯದ ತಿರುಳೂ ಅದೇ.

ತೈಲ ಸೋರುವ ಸಂಭವವೆಷ್ಟು, ಸೋರಿದರೆ ಹಾನಿಯೆಷ್ಟು ಎಂಬೆರಡನ್ನು ಕೂಡಿಸಿ ತೂಗುವುದು ಈ ಶಾಸ್ತ್ರದ ಪದ್ಧತಿ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತವು 2013ರಲ್ಲಿ ಪ್ರಕಟಿಸಿದ ವರದಿ ಇದಕ್ಕೆ ಉತ್ತಮ ನಿದರ್ಶನ. ಸುಮಾರು 20,000 ಹಡಗುಗಳ ದಾಖಲೆಗಳನ್ನು ಸೋಸಿ 87ನ್ನು ಅದು ಉಳಿಸಿಕೊಂಡಿತು. ಅವುಗಳಲ್ಲಿ 17ನ್ನು ಮುಂದಿನ ಪರೀಕ್ಷೆಗೆ ಸೂಚಿಸಿತು. ಹಣವೂ ಮುಳುಗುಗಾರರೂ ಮಿತವಾಗಿರುವಲ್ಲಿ ಇಂಥ ಸರದಿ ಅವಶ್ಯವೆಂಬುದನ್ನು ಒಪ್ಪಲೇಬೇಕು.

ಆದರೆ ಇಂಥ ಪಟ್ಟಿಯನ್ನು ಓದುವವರ ಕಣ್ಣು ಮೊದಲು ತೈಲದ ಮೊತ್ತದ ಮೇಲೆ ಬೀಳುತ್ತದೆ. ದೋಷವಿರುವುದು ಇಲ್ಲಿ. 1953ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಳಿ ಮುಳುಗಿದ ಜೇಕಬ್ ಲಕೆನ್‌ಬಾಕ್ ಬಿಟ್ಟುಬಿಟ್ಟು ಜಿನುಗಿತು. ಎಣ್ಣೆ ಮೆತ್ತಿದ ಸಾವಿರಾರು ಹಕ್ಕಿಗಳ ಸಾವಿಗೆ ಅದೇ ಮೂಲವೆಂದು ತಿಳಿದುದು 2002ರಲ್ಲಿ. ಉಲಿಥಿಯಲ್ಲಿ 1944ರಲ್ಲಿ ಮುಳುಗಿದ ಮಿಸಿಸಿನೆವಾ 2001ರ ಬಿರುಗಾಳಿಯ ತರುವಾಯ ಸೋರತೊಡಗಿತು. ಮೌನವನ್ನು ಕ್ಷೇಮವೆಂದೆಣಿಸುವ ಗಣನೆ ಗಣನೆಯೇ ಅಲ್ಲ.

ನಮ್ಮ ಕರಾವಳಿಗೆ ಈ ಪದ್ಧತಿಯನ್ನು ಹಾಗೆಯೇ ತರುವುದೂ ಸಾಧುವಲ್ಲ. ಓಷನ್ ಸೆರಾಯ 2006ರ ಮೇ 30ರಂದು ಕಾರವಾರದ ಬಳಿ ಬಂಡೆಗೆ ತಾಗಿ ಒಡೆಯಿತು. ಪ್ರಿನ್ಸೆಸ್ ಮಿರಾಲ್ 2022ರ ಜೂನಿನಲ್ಲಿ ಸುಮಾರು 8000 ಟನ್ ಉಕ್ಕಿನ ಸುರುಳಿಗಳೊಡನೆ ಉಳ್ಳಾಲದ ಬಳಿ ಮುಳುಗಿತು. ಎರಡೂ ಮುಂಗಾರಿನ ಹೊಸ್ತಿಲಲ್ಲಿ ನಡೆದ ಅನಾಹುತಗಳು. ಕಡಲು ಕೆರಳಿದಾಗ ತೊಟ್ಟಿಗಳಿಂದ ತೈಲ ತೆಗೆಯುವುದು ದುಸ್ಸಾಧ್ಯ. ಆದಕಾರಣ ಋತುವಿಗೂ ಇಲ್ಲಿಯ ಕೋಷ್ಟಕದಲ್ಲಿ ಸ್ಥಾನವಿರತಕ್ಕದ್ದು. ಅಘನಾಶಿನಿಯ ಅಳಿವೆಯಲ್ಲಿ ಕೈಯಿಂದ ಚಿಪ್ಪಿ ಆಯ್ದು ಜೀವಿಸುವವರಿಗೆ ಅಲ್ಪ ತೈಲವೂ ಅಲ್ಪವಲ್ಲ. ಟನ್ನುಗಳ ಲೆಕ್ಕದಲ್ಲಿ ಅವರ ನಷ್ಟ ಕಾಣುವುದಿಲ್ಲ.

ಕಾನೂನಿನ ಆಸರೆಯೂ ಅಪೂರ್ಣ. ಭಾರತವೂ ಸೇರಿರುವ 2007ರ ನೈರೋಬಿ ಒಪ್ಪಂದ ಜಾರಿಗೆ ಬಂದುದು 2015ರಲ್ಲಿ. ಅದರ ವಿಮಾ ನಿರ್ಬಂಧ 300 ಟನ್ನು ಮತ್ತು ಅದಕ್ಕೆ ಮೀರಿದ ಹಡಗುಗಳಿಗೆ ಮಾತ್ರ. ಯುದ್ಧನೌಕೆಗಳು ಸಾಮಾನ್ಯವಾಗಿ ಅದರ ಹೊರಗೆ. ಹಳೆಯ ಹಡಗುಗಳ ಹೊರೆ ಕಡೆಗೆ ಸಾರ್ವಜನಿಕರ ಮೇಲೆಯೇ ಬೀಳುವ ಸಂಭವ ಹೆಚ್ಚು.

ಮೊತ್ತವನ್ನು ಅಳೆಯುವ ವಿದ್ಯೆ ನಮಗೆ ದೊರೆತಿದೆ. ಯಾರ ಅನ್ನ ಯಾವ ತಿಂಗಳಲ್ಲಿ ಕೆಡುವುದೆಂಬುದನ್ನೂ ಅಳೆದಾಗ ಮಾತ್ರ ಆ ವಿದ್ಯೆ ಪೂರ್ಣವಾಗುವುದು.