ನಾಲ್ಕೂ ಚಕ್ರ ಓದದ ಸ್ಕ್ಯಾನರ್ ಯಾಕೆ?

ಸಿರುಗುಪ್ಪ ತಾಲ್ಲೂಕಿನ ದೇಶನೂರಿನ ಸುತ್ತ ಫೋರ್ ಬೈ ಫೋರ್ ಗಾಡಿಗೆ ನಿಜವಾದ ಕೆಲಸವಿದೆ. ತುಂಗಭದ್ರಾ ಕಾಲುವೆಯ ನೀರುಂಡ ಗದ್ದೆಗಳ ನಡುವಿನ ದಾರಿಯಲ್ಲಿ ಎರಡು ಮಳೆ ಬಿದ್ದರೆ ಸಾಕು, ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಟೈರಿನ ಗೀರುಗಳೇ ಕಾಣದಂತಾಗುತ್ತದೆ. ಅದೇ ಗಾಡಿ ಮರುದಿನ 150ಎ ಹೆದ್ದಾರಿ ಹಿಡಿದು ಬಳ್ಳಾರಿಗೆ ಓಡಬೇಕು. ಅಲ್ಲಿಂದ ಸಂಡೂರಿನ ಕಡೆ ಹೋದರೆ ಅದಿರಿನ ಕೆಂಧೂಳು. ಇಂಥ ದುಡಿಮೆಯ ನಡುವೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡರೆ ಮೊದಲೆಲ್ಲ ಗ್ಯಾರೇಜಿಗೆ ಹೋಗಿ ‘ಸ್ಕ್ಯಾನರ್ ಹಾಕಿಸುತ್ತಿದ್ದೆವು’. ಈಗ ಗಾಡಿ ಮಾಲೀಕರೇ ಸ್ಕ್ಯಾನರ್ ಕೊಳ್ಳುತ್ತಿದ್ದಾರೆ. ಒಳ್ಳೆಯದೇ. ಆದರೆ ಆರಿಸುವ ರೀತಿ ಸರಿಯಿಲ್ಲ ಎಂಬುದು ನನ್ನ ತಕರಾರು. ಎಂಜಿನ್ನಿನ ಕೋಡ್ ಎಷ್ಟು ಓದುತ್ತದೆ ಎಂದು ಕೇಳುತ್ತೇವೆ. ಯಾವ ಕಾರಣಕ್ಕೆ ಈ ಗಾಡಿಗೆ ಹೆಚ್ಚಿನ ಹಣ ಕೊಟ್ಟೆವೋ ಆ ನಾಲ್ಕು ಚಕ್ರದ ವ್ಯವಸ್ಥೆಯನ್ನು ಓದುತ್ತದೆಯೇ ಎಂದು ಕೇಳುವುದೇ ಇಲ್ಲ.

ಸ್ಕ್ಯಾನರ್ ಸಿಕ್ಕಿಸಲು ಸ್ಟಿಯರಿಂಗಿನ ಕೆಳಗೆ ಇರುವ 16 ಪಿನ್ನಿನ ಒಬಿಡಿ ಸಾಕೆಟ್ ಹುಟ್ಟಿದ್ದು ಹೊಗೆಯ ಲೆಕ್ಕಕ್ಕಾಗಿ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಅದು ಕಡ್ಡಾಯವಾಯಿತು. ನಮ್ಮಲ್ಲಿ ಭಾರತ್ ಸ್ಟೇಜ್-4ರ ಕಾರುಗಳಿಗೆ 2010ರಲ್ಲಿ ಒಬಿಡಿ-1, 2013ರಲ್ಲಿ ಒಬಿಡಿ-2 ಬಂತು; ಆ ಸ್ಟೇಜ್ ದೇಶಕ್ಕೆಲ್ಲ ಅನ್ವಯವಾಗಿದ್ದು 2017ರ ಏಪ್ರಿಲ್‌ನಲ್ಲಿ. ಹೀಗಾಗಿ ಸೆಕೆಂಡ್ ಹ್ಯಾಂಡ್ ಗಾಡಿ ಇಟ್ಟುಕೊಂಡವರು ಮೊದಲು ತಮ್ಮ ಆರ್‌ಸಿಯಲ್ಲಿ ಗಾಡಿ ತಯಾರಾದ ವರ್ಷ ನೋಡಿಕೊಳ್ಳಬೇಕು. ಹಳೆಯ ಮಾರ್ಷಲ್, ಕಮಾಂಡರ್‌ನಂಥ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಸ್ಕ್ಯಾನರ್ ಕೊಳ್ಳುವುದು ಹಣ ಹಾಳು. ಅದಕ್ಕೆ ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಕೈ ಪಳಗಿದ ಮೆಕ್ಯಾನಿಕ್ ಇದ್ದರೆ ಆಯಿತು.

ಕಾನೂನು ಬಯಸಿದ್ದು ಹೊಗೆಯ ಲೆಕ್ಕವಾದ್ದರಿಂದ ಎಲ್ಲ ಕಂಪನಿಗಳ ಗಾಡಿಯಲ್ಲೂ ಒಂದೇ ಭಾಷೆಯಲ್ಲಿ ಸಿಗುವುದು ಎಂಜಿನ್ನಿಗೆ ಸಂಬಂಧಿಸಿದ ಮಾಹಿತಿ ಮಾತ್ರ. ಎಬಿಎಸ್, ಏರ್‌ಬ್ಯಾಗ್, ಮುಂದಿನ-ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಕಂಟ್ರೋಲರ್ ಇವೆಲ್ಲ ಆಯಾ ಕಂಪನಿಯ ಸ್ವಂತ ಭಾಷೆಯಲ್ಲಿ ಮಾತಾಡುತ್ತವೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಸಾಕೆಟ್ಟಿಗೆ ಸಿಕ್ಕಿಸಿ ಫೋನಿನಲ್ಲಿ ಓದುವ ಬ್ಲೂಟೂತ್ ಡಾಂಗಲ್‌ಗೆ ಆ ಭಾಷೆ ಬರುವುದಿಲ್ಲ.

ಹಾಗೆಂದು ಡಾಂಗಲ್ ಕೆಲಸಕ್ಕೆ ಬಾರದ್ದಲ್ಲ. ನಮ್ಮ ಕಡೆ ಡೀಸೆಲ್ಲನ್ನು ಕ್ಯಾನು, ಡ್ರಮ್ಮುಗಳಲ್ಲಿ ತಂದಿಟ್ಟು ಬಳಸುವುದುಂಟು. ಅದರ ಜೊತೆ ನೀರು, ಕಸ ಟ್ಯಾಂಕಿಗಿಳಿದು ಫಿಲ್ಟರ್ ಕಟ್ಟಿಕೊಂಡರೆ ಗಾಡಿ ಲೋಡಿನಲ್ಲಿ ಎಳೆಯದೆ ಸೋಲುತ್ತದೆ. ಸ್ಕ್ಯಾನರ್ ಪಿ0087 ಎಂದು ತೋರಿಸುತ್ತದೆ. ಅಂದರೆ ಫ್ಯುಯೆಲ್ ರೈಲಿನ ಒತ್ತಡ ಇರಬೇಕಾದಷ್ಟು ಇಲ್ಲ. ಪಂಪು ಹೋಗಿದೆ ಎಂದು ಆ ಕೋಡ್ ಹೇಳುವುದಿಲ್ಲ. ಕೇಳಿದವರು ಹಾಗೆಂದುಕೊಂಡು ದುಬಾರಿ ಪಂಪಿಗೆ ಕೈ ಹಾಕುತ್ತಾರೆ. ಮಾಡಬೇಕಾದ್ದು ಬೇರೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಫೋನಿನಲ್ಲಿ ರೈಲ್ ಪ್ರೆಷರ್ ತೆರೆದಿಟ್ಟು, ಲೋಡ್ ಹಾಕಿ ಗಾಡಿ ಓಡಿಸಿ ನೋಡಬೇಕು. ಐಡ್ಲಿಂಗಿನಲ್ಲಿ ಸರಿಯಿದ್ದ ಒತ್ತಡ ಆಕ್ಸಿಲರೇಟರ್ ಒತ್ತಿದಾಗ ಏರದೆ ಕುಸಿಯಿತೆಂದರೆ ಮೊದಲು ಬದಲಿಸಬೇಕಾದ್ದು ಫಿಲ್ಟರ್. ಕೆಂಧೂಳಿನ ದಾರಿಯಲ್ಲಿ ಓಡುವ ಗಾಡಿಗೆ ಏರ್‌ಫ್ಲೋ ಸೆನ್ಸರಿನ ಅಂಕಿಯನ್ನೂ ಹೀಗೆಯೇ ನೋಡಬಹುದು. ಅಗ್ಗದ ಡಾಂಗಲ್ ಕೊಡುವ ನಿಜವಾದ ಲಾಭ ಈ ಲೈವ್ ಡೇಟಾ. ಕೋಡ್ ಅಳಿಸುವುದಕ್ಕಷ್ಟೇ ಅದನ್ನು ಬಳಸುವವರು ತಮ್ಮ ಗಾಡಿಗೆ ತಾವೇ ಕೇಡು ಮಾಡಿಕೊಳ್ಳುತ್ತಾರೆ. ದೋಷ ಬಂದ ಕ್ಷಣದ ವೇಗ, ಬಿಸಿ, ಲೋಡು ಎಲ್ಲವೂ ‘ಫ್ರೀಜ್ ಫ್ರೇಮ್’ ಎಂದು ಉಳಿದಿರುತ್ತದೆ. ಕ್ಲಿಯರ್ ಒತ್ತಿದರೆ ಅದೂ ಹೋಗುತ್ತದೆ. ಮೆಕ್ಯಾನಿಕ್ ನೋಡುವ ಮುಂಚೆ ಅಳಿಸಬೇಡಿ, ಕನಿಷ್ಠ ಒಂದು ಫೋಟೊ ತೆಗೆದಿಡಿ.

ಡಾಂಗಲ್‌ಗಳಲ್ಲಿ ಅಸಲಿ-ನಕಲಿಯ ತೊಂದರೆ ಬಹಳ. ಇವುಗಳ ಮೂಲ ಚಿಪ್ ಇಎಲ್ಎಂ327 ಅನ್ನು ಮಾಡಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ರಕ್ಷಣೆ ಇರಲಿಲ್ಲ. ಅಲ್ಲಿಂದ ನಕಲುಗಳು ಲೋಕ ತುಂಬಿದವು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿದೆ. 1.5 ಎಂಬ ಆವೃತ್ತಿಯನ್ನು ಅದು ಹೊರತರಲೇ ಇಲ್ಲ, ಆದರೂ ಡಬ್ಬಿಗಳ ಮೇಲೆ ಆ ಸಂಖ್ಯೆ ಇರುತ್ತದೆ. 2.1 ಎಂದು ಬರೆದ ಎಷ್ಟೋ ನಕಲುಗಳು ಉದ್ದದ ಸಂದೇಶ ಬಂದರೆ ನಡುವೆಯೇ ಕೈಬಿಡುತ್ತವೆ. ಒಬಿಡಿಲಿಂಕ್‌ನಂಥ ಅಡಾಪ್ಟರ್‌ಗೆ ಹತ್ತಾರು ಪಟ್ಟು ಬೆಲೆ ಬೀಳುವುದು ಈ ವ್ಯತ್ಯಾಸಕ್ಕೆ. ಐಫೋನ್ ಇಟ್ಟುಕೊಂಡವರು ಮಾಮೂಲಿ ಬ್ಲೂಟೂತಿನ ಡಾಂಗಲ್ ಕೊಂಡರೆ ಅದು ಜೋಡಣೆಯೇ ಆಗುವುದಿಲ್ಲ, ಬ್ಲೂಟೂತ್ ಎಲ್‌ಇ ಅಥವಾ ವೈಫೈ ಬೇಕು. ಯಾವುದನ್ನೇ ಕೊಳ್ಳಿ, ಕೆಲಸ ಮುಗಿದ ಮೇಲೆ ಕಿತ್ತಿಡಿ. ಸಾಕೆಟ್ಟಿನ 16ನೇ ಪಿನ್ನಿಗೆ ಸಾಮಾನ್ಯವಾಗಿ ಬ್ಯಾಟರಿಯ ಕರೆಂಟ್ ಸದಾ ಇರುತ್ತದೆ, ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿದೀತು.

ಇನ್ನು ಫೋರ್ ವೀಲಿನ ಮಾತು. ಕೆಸರಿನಲ್ಲಿ ಓಡುವ ಗಾಡಿಯಲ್ಲಿ ಮೊದಲು ನರಳುವ ಭಾಗಗಳಲ್ಲಿ ಚಕ್ರದ ಬಳಿಯ ಸ್ಪೀಡ್ ಸೆನ್ಸರ್ ಒಂದು. ಎರೆಮಣ್ಣು ಅಲ್ಲಿ ತುಂಬಿಕೊಂಡು ಒಣಗಿ ಗಟ್ಟಿಯಾಗುತ್ತದೆ, ಇಲ್ಲವೇ ಬೇಲಿಯ ಮುಳ್ಳು, ಕಬ್ಬಿನ ಕೂಳೆ ತಾಗಿ ವೈರು ಕಿತ್ತು ಬರುತ್ತದೆ. ಎಬಿಎಸ್ ದೀಪ ಹತ್ತುತ್ತದೆ. ಅದರ ಜೊತೆಗೇ ಇಎಸ್‌ಪಿ, ಟ್ರ್ಯಾಕ್ಷನ್ ಕಂಟ್ರೋಲ್, ಇಳಿಜಾರಿನ ಹಿಲ್ ಡಿಸೆಂಟ್ ಎಲ್ಲ ಕೆಲಸ ನಿಲ್ಲಿಸುತ್ತವೆ. ಒಂದೇ ಸಲಕ್ಕೆ ಮೂರ್ನಾಲ್ಕು ದೀಪ ಕಂಡು ಮಾಲೀಕ ಗಾಬರಿಯಾಗುತ್ತಾನೆ, ಡಾಂಗಲ್ ಹಾಕಿದರೆ ‘ದೋಷವಿಲ್ಲ’ ಎಂಬ ಉತ್ತರ. ಜಿಮ್ನಿಯಲ್ಲಂತೂ ಮುಂದಿನ ಹಬ್‌ಗಳನ್ನು ಹಿಡಿಸುವುದು ವ್ಯಾಕ್ಯೂಮ್. ಹಬ್ಬಿನ ಸೀಲಿಗೆ ಕೆಸರು ಸೇರಿ ಸವೆದರೆ, ಹೋಸ್ ಎಲ್ಲಾದರೂ ಬಿರಿದರೆ, ಫೋರ್ ವೀಲ್ ದೀಪ ಮಿಣುಕುತ್ತ ಉಳಿಯುತ್ತದೆ. ಎಂಜಿನ್ನಿನ ಕೋಡ್ ಪಟ್ಟಿಯಲ್ಲಿ ಇದರ ಸುಳಿವು ಸಿಗದು. ಗುಬ್ಬಿ ತಿರುಗಿಸಿ ಫೋರ್ ವೀಲ್ ಹಾಕುವ ಸ್ಕಾರ್ಪಿಯೊದಂಥ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸನ್ನು ಬದಲಿಸುವುದು ಎಲೆಕ್ಟ್ರಿಕ್ ಮೋಟರ್, ಅದನ್ನು ಆಳುವುದು ಬೇರೆಯದೇ ಕಂಟ್ರೋಲರ್. ಅದರೊಳಗೆ ಹೊಕ್ಕು ನೋಡಲಾಗದ ಸ್ಕ್ಯಾನರ್ ಇದ್ದರೆಷ್ಟು ಬಿಟ್ಟರೆಷ್ಟು.

ಇದಕ್ಕೆ ಬೇಕಾದ್ದು ‘ಫುಲ್ ಸಿಸ್ಟಮ್’ ಸ್ಕ್ಯಾನರ್. ಲಾಂಚ್, ಆಟೆಲ್, ಥಿಂಕ್‌ಕಾರ್ ಮುಂತಾದ ಕಂಪನಿಗಳದ್ದು ಸಿಗುತ್ತವೆ. ಕೆಲವು ಸಾವಿರದಿಂದ ಹಿಡಿದು ಲಕ್ಷದ ಮೇಲೂ ಬೆಲೆಯಿದೆ. ಆದರೆ ಹೆಸರು ನೋಡಿ ಕೊಳ್ಳುವ ವಸ್ತು ಇದಲ್ಲ. ವಿದೇಶಿ ಮಾರುಕಟ್ಟೆಗೆಂದು ಮಾಡಿದ ಮಾಡೆಲ್ಲಿನಲ್ಲಿ ಟೊಯೊಟಾ, ಸುಜುಕಿ ಇರುತ್ತವೆ, ಮಹೀಂದ್ರ ಹೆಸರೇ ಇಲ್ಲದಿರಬಹುದು; ಇದ್ದರೂ ಎಂಜಿನ್ನಿಗೇ ನಿಂತುಬಿಡಬಹುದು. ಮೊದಲ ವರ್ಷದ ಅಪ್‌ಡೇಟ್ ಉಚಿತವೆಂದು ಕೊಟ್ಟು ಆಮೇಲೆ ವರ್ಷ ವರ್ಷ ಹಣ ಕೇಳುವ ಪದ್ಧತಿಯೂ ಇದೆ, ಅದನ್ನು ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು.

ದೊಡ್ಡ ಸ್ಕ್ಯಾನರ್ ಓದುವುದಷ್ಟೇ ಅಲ್ಲ, ಆಜ್ಞೆಯನ್ನೂ ಕೊಡುತ್ತದೆ. ಇಂಜೆಕ್ಟರ್ ಬದಲಿಸಿದರೆ ಹೊಸದರ ಕೋಡನ್ನು ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಬರೆಯಬಲ್ಲದು, ಡೀಸೆಲ್ ಹೊಗೆ ಸೋಸುವ ಡಿಪಿಎಫ್‌ನಲ್ಲಿ ಕಟ್ಟಿದ ಮಸಿಯನ್ನು ಸುಡಿಸಬಲ್ಲದು. 2020ರ ನಂತರದ ಬಿಎಸ್-6 ಡೀಸೆಲ್ ಗಾಡಿಯನ್ನು ಮನೆ-ಗದ್ದೆ-ಮಿಲ್ಲು ಎಂದು ಸಣ್ಣ ಓಡಾಟಕ್ಕೇ ಬಳಸುವವರಿಗೆ ಇದರ ಅಗತ್ಯ ಬೀಳುತ್ತದೆ. ಆದರೆ ಮಸಿ ಸುಡುವ ಹೊತ್ತಿನಲ್ಲಿ ಡಿಪಿಎಫ್‌ನ ಬಿಸಿ 600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕೊಯ್ಲಾದ ಗದ್ದೆಯಲ್ಲಿ, ಭತ್ತದ ಹುಲ್ಲಿನ ಬಣವೆಯ ಪಕ್ಕ ನಿಲ್ಲಿಸಿ ಈ ಕೆಲಸಕ್ಕೆ ಕೈಹಾಕಲೇಬಾರದು. ಹೀಗಾಗಿ ದೊಡ್ಡ ಸ್ಕ್ಯಾನರನ್ನು ಪ್ರತಿಯೊಬ್ಬ ಮಾಲೀಕನೂ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಣ ಹೆಚ್ಚು, ಬಳಕೆ ಕಡಿಮೆ, ಅಪಾಯವೂ ಉಂಟು.

ನಮ್ಮ ಭಾಗಕ್ಕೆ ಹೊಂದುವುದು ಇದು: ಪ್ರತಿ ಮಾಲೀಕನ ಗಾಡಿಯಲ್ಲಿ ಒಂದು ಅಸಲಿ ಅಡಾಪ್ಟರ್, ಫೋನಿನಲ್ಲಿ ಕಾರ್ ಸ್ಕ್ಯಾನರ್ ಅಥವಾ ಟಾರ್ಕ್‌ನಂಥ ಆ್ಯಪ್. ಒಂದೇ ಕಂಪನಿಯ ಗಾಡಿಯಿರುವ ನಾಲ್ಕಾರು ಜನ ಹಣ ಹಾಕಿ ಒಂದು ಫುಲ್ ಸಿಸ್ಟಮ್ ಸ್ಕ್ಯಾನರ್ ತಂದು ನಂಬಿಕೆಯ ಮೆಕ್ಯಾನಿಕ್ ಬಳಿ ಇಡಬೇಕು. ಬಾಡಿಗೆ ಟ್ರ್ಯಾಕ್ಟರ್, ಕೊಯ್ಲಿನ ಯಂತ್ರ ಹಂಚಿಕೊಂಡು ಬೇಸಾಯ ಮಾಡುವವರಿಗೆ ಇದೇನೂ ಹೊಸದಲ್ಲ. ವಾರಂಟಿ ಮುಗಿಯದ ಗಾಡಿಯಾದರೆ ಓದುವುದಕ್ಕಷ್ಟೇ ಬಳಸಿ, ಬರೆಯುವ ಕೆಲಸ ಸರ್ವಿಸ್ ಸೆಂಟರಿಗೆ ಬಿಡಿ.

ಕೊಳ್ಳುವಾಗ ಡಬ್ಬಿಯ ಮೇಲಿನ ಪಟ್ಟಿ ನಂಬಬೇಡಿ. ಸ್ಕ್ಯಾನರನ್ನು ನಿಮ್ಮದೇ ಗಾಡಿಗೆ ಹಾಕಿಸಿ. ಎಬಿಎಸ್ ವಿಭಾಗ ತೆರೆದು ನಾಲ್ಕು ಚಕ್ರಗಳ ವೇಗವನ್ನು ಬೇರೆ ಬೇರೆಯಾಗಿ ತೋರಿಸಲು ಹೇಳಿ, ನಿಧಾನಕ್ಕೆ ನೇರ ದಾರಿಯಲ್ಲಿ ಓಡಿಸಿ. ನಾಲ್ಕೂ ಅಂಕಿ ಹೆಚ್ಚುಕಡಿಮೆ ಒಂದೇ ಸಮ ಏರಿದರೆ ಸ್ಕ್ಯಾನರೂ ಸರಿ, ಸೆನ್ಸರೂ ಸರಿ. ಫೋರ್ ವೀಲ್ ಕಂಟ್ರೋಲರ್ ಇರುವ ಗಾಡಿಯಾದರೆ ಅದನ್ನೂ ತೆರೆಸಿ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಹಣ ಕೊಡಬೇಡಿ.